ನೃಪತುಂಗನ ಕಾಲದ ಸಂಖ್ಯಾಹಾರ

27994681 ಅನ್ನು 441ರಿಂದ ಗುಣಿಸಬೇಕು. ಕ್ಯಾಲ್ಕುಲೇಟರ್ ಬೇಡ, ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. 441 ಎಂದರೆ 3×3×7×7 ಎಂಬುದು ಹೊಳೆದರೆ ಕೆಲಸ ಇನ್ನೂ ಹಗುರ. ಮೊದಲು 3ರಿಂದ ಗುಣಿಸಿದರೆ 83984043. ಮತ್ತೆ 3ರಿಂದ ಗುಣಿಸಿದರೆ 251952129. ಅದನ್ನು 7ರಿಂದ ಗುಣಿಸಿದರೆ 1763664903. ಇಲ್ಲಿಯವರೆಗೂ ಕಣ್ಣು ನಿಲ್ಲುವಂಥದ್ದೇನೂ ಇಲ್ಲ. ಅಂಗಡಿಯ ಜಮಾ-ಖರ್ಚಿನ ಪುಸ್ತಕದಲ್ಲಿ ಸಿಕ್ಕರೆ ತಿರುಗಿ ನೋಡದಂಥ ಸಂಖ್ಯೆಗಳು. ಇನ್ನೊಂದೇ ಒಂದು ಸಲ 7ರಿಂದ ಗುಣಿಸಿ.

12345654321.

ಒಂದರಿಂದ ಆರಕ್ಕೆ ಏರಿ ಆರರಿಂದ ಒಂದಕ್ಕೆ ಇಳಿಯುವ ಹನ್ನೊಂದು ಅಂಕಿಗಳು. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ. ನಮ್ಮ ಇಂದಿನ ರೂಢಿಯಲ್ಲಿ ಹೇಳುವುದಾದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಕೊನೆಯ ಹೆಜ್ಜೆಯ ತನಕ ಅದರ ಸುಳಿವೇ ಬಿಟ್ಟುಕೊಡದ ಈ ಲೆಕ್ಕವನ್ನು ಇಂದಿನ ಯಾವುದೋ ಒಗಟಿನ ಪುಸ್ತಕದಿಂದ ಎತ್ತಿಕೊಂಡಿದ್ದಲ್ಲ. ಇದಕ್ಕೆ ಹನ್ನೊಂದೂವರೆ ಶತಮಾನಗಳಿಗೂ ಹೆಚ್ಚು ವಯಸ್ಸು, ಮತ್ತು ಇದು ನಮ್ಮ ನೆಲದ್ದು.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ.ಶ. 850ರ ಆಸುಪಾಸಿನಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಎಂಬ ಗ್ರಂಥವನ್ನು ರಚಿಸಿದರು. ಅದರ ಆರಂಭದ ಪದ್ಯಗಳಲ್ಲೇ ಅಮೋಘವರ್ಷನ ಪ್ರಶಂಸೆ ಇದೆ. ಆ ದೊರೆಯ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡ. ‘ಕವಿರಾಜಮಾರ್ಗ’ ಹುಟ್ಟಿದ್ದೂ ಇದೇ ದೊರೆಯ ಆಶ್ರಯದಲ್ಲಿ. ಆ ಕಾಲವನ್ನು ನಾವು ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥದ ಕಾರಣಕ್ಕೆ ಎದೆಯುಬ್ಬಿಸಿ ನೆನೆಯುತ್ತೇವೆ. ಗಣಿತದ ಕಾರಣಕ್ಕೂ ಅಷ್ಟೇ ಅಭಿಮಾನದಿಂದ ನೆನೆಯಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಈ ಒಂದು ಗುಣಾಕಾರವೇ ಅದಕ್ಕೆ ಸಾಕ್ಷಿ.

ಗ್ರಂಥ ಸಂಸ್ಕೃತದಲ್ಲಿದೆ, ಪದ್ಯರೂಪದಲ್ಲಿದೆ. ಗುಣಾಕಾರವನ್ನು ಅದು ‘ಪ್ರತ್ಯುತ್ಪನ್ನ’ ಎಂದು ಕರೆದು, ಎಂಟು ಪರಿಕರ್ಮಗಳಲ್ಲಿ ಮೊದಲನೆಯದಾಗಿ ಹೇಳುತ್ತದೆ. ಸರಳವಾದ ಸಂಕಲನ, ವ್ಯವಕಲನಗಳಿಗೆ ಅಲ್ಲಿ ಪ್ರತ್ಯೇಕ ಪಾಠವೇ ಇಲ್ಲ. ಅಷ್ಟು ಬಲ್ಲವರು ಮಾತ್ರ ಪುಸ್ತಕ ಬಿಡಿಸಬೇಕೆಂಬ ನಿರೀಕ್ಷೆ. ಗುಣ್ಯವನ್ನೂ ಗುಣಕವನ್ನೂ ಬಾಗಿಲ ಕದಗಳ ಸಂದಿಯಂತೆ ಒಂದರ ಕೆಳಗೊಂದು ಇಟ್ಟು ಮಾಡುವ ‘ಕವಾಟಸಂಧಿ’ ಕ್ರಮವನ್ನು ಆಚಾರ್ಯರು ವಿವರಿಸುತ್ತಾರೆ. ಅದರ ಜೊತೆಗೇ ಇನ್ನೊಂದು ಸೂತ್ರ: ಎರಡರಲ್ಲಿ ಒಂದನ್ನು ಅದರ ಅಪವರ್ತನದಿಂದ ಭಾಗಿಸಿ, ಅದೇ ಅಪವರ್ತನದಿಂದ ಮತ್ತೊಂದನ್ನು ಗುಣಿಸಿಕೊಳ್ಳಬಹುದು. ನಾವು 441ರೊಳಗಿನ ಎರಡು ಮೂರುಗಳನ್ನೂ ಎರಡು ಏಳುಗಳನ್ನೂ ಒಂದೊಂದಾಗಿ ಆಚೆಗೆ ಸಾಗಿಸಿದೆವಲ್ಲ, ಅದೇ ಇದು. ಆ ಸೂತ್ರವನ್ನು ಹೇಳಿಕೊಟ್ಟ ಮೇಲೆಯೇ ಉದಾಹರಣೆಗಳು ಬರುತ್ತವೆ. ಬಸದಿಯ ಪೂಜೆಗೆ ಒಪ್ಪಿಸುವ ರತ್ನಗಳ ಲೆಕ್ಕದಂಥವು ಕೆಲವು. ಉಳಿದವು ಬರಿಯ ಸಂಖ್ಯೆಗಳು, ಅವುಗಳ ಉತ್ತರವಾಗಿ ಹಾರಗಳು.

ಹಾರ ಎಂಬ ಮಾತು ನನ್ನದಲ್ಲ. ಇಂಥ ಗುಣಲಬ್ಧಗಳಲ್ಲಿ ಕೆಲವನ್ನು ಆಚಾರ್ಯರೇ ಕಂಠಿಕೆ ಎಂದಿದ್ದಾರೆ, ಅರಸನ ಕೊರಳಿಗೆ ತಕ್ಕ ಕಂಠಾಭರಣ ಎಂದಿದ್ದಾರೆ. ಪದ್ಯದಲ್ಲಿ ಸಂಖ್ಯೆಯನ್ನು ಕೂರಿಸಲು ಆಗ ಅಂಕಿಗಳಿಗೆ ಬದಲಾಗಿ ವಸ್ತುಗಳ ಹೆಸರು ಬಳಸುವ ರೂಢಿಯಿತ್ತು: ಚಂದ್ರನೆಂದರೆ 1, ಕಣ್ಣೆಂದರೆ 2. ಜೈನರಾದ ಮಹಾವೀರಾಚಾರ್ಯರಿಗೆ ರತ್ನವೆಂದರೆ 3, ಏಕೆಂದರೆ ಅವರ ಧರ್ಮದಲ್ಲಿ ರತ್ನಗಳು ಮೂರು. ಹೀಗೆ ಹೇಳುವಾಗ ಬಿಡಿಸ್ಥಾನದಿಂದ ಆರಂಭಿಸಿ ಎಡಕ್ಕೆ ಹೋಗುವುದು ಕ್ರಮ. ಕೇಳಿದವರು ಅದನ್ನು ತಿರುವಿ ಬರೆದುಕೊಳ್ಳಬೇಕು. ಹಾರದಂಥ ಸಂಖ್ಯೆಗೆ ಮಾತ್ರ ಆ ತೊಡಕಿಲ್ಲ. ಯಾವ ತುದಿಯಿಂದ ಹಿಡಿದು ಹೇಳಿದರೂ ಬರೆದದ್ದು ಸರಿಯಾಗಿಯೇ ಇರುತ್ತದೆ.

ಈ ಸಂಖ್ಯೆಯ ಒಳಗೆ ಏನಿದೆ? ಮೊದಲ ಗುಟ್ಟು: ಇದು 111111ರ ವರ್ಗ. ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸಿದರೆ ಹಾಳೆಯ ಮೇಲೆ ಏನಾಗುತ್ತದೆಂದು ನೆನೆಯಿರಿ. ಆರು ಸಾಲುಗಳು ಬೀಳುತ್ತವೆ. ಪ್ರತಿಯೊಂದರಲ್ಲೂ ಆರು ಒಂದುಗಳು. ಪ್ರತಿ ಸಾಲೂ ಮೇಲಿನದಕ್ಕಿಂತ ಒಂದು ಮನೆ ಎಡಕ್ಕೆ ಸರಿದಿರುತ್ತದೆ. ಈಗ ಕಂಬಗಳನ್ನು ಕೂಡಿಸಬೇಕು. ಬಲತುದಿಯ ಕಂಬದಲ್ಲಿ ಒಂದೇ ಒಂದು ಇದೆ, ಮುಂದಿನದರಲ್ಲಿ ಎರಡು, ಆಮೇಲೆ ಮೂರು. ಹೀಗೆ ಏರುತ್ತಾ ನಟ್ಟನಡುವಿನ ಕಂಬದಲ್ಲಿ ಆರೂ ಸಾಲುಗಳು ಸೇರುತ್ತವೆ. ಅಲ್ಲಿಂದಾಚೆಗೆ ಒಂದೊಂದೇ ಸಾಲು ಮುಗಿಯುತ್ತಾ ಬರುತ್ತದೆ. ಯಾವ ಕಂಬದ ಮೊತ್ತವೂ ಹತ್ತು ಮುಟ್ಟುವುದಿಲ್ಲವಾದ್ದರಿಂದ ದಶಕವನ್ನು ಮುಂದಿನ ಮನೆಗೆ ಒಯ್ಯುವ ಪ್ರಮೇಯವೇ ಇಲ್ಲ. ಕಂಬದಲ್ಲಿ ಎಷ್ಟು ಒಂದುಗಳಿವೆಯೋ ಅಷ್ಟೇ ಅಂಕಿ ಉತ್ತರದಲ್ಲಿ ಕೂರುತ್ತದೆ.

ಹಾಗಾಗಿ ಉತ್ತರದ ಅಂಕಿಗಳನ್ನೆಲ್ಲ ಕೂಡಿದರೆ ಎಷ್ಟು ಬರಬೇಕು? ಹಾಳೆಯ ಮೇಲೆ ಇದ್ದದ್ದು ಆರಾರಲಿ ಮೂವತ್ತಾರು ಒಂದುಗಳು. 1+2+3+4+5+6+5+4+3+2+1 ಕೂಡ 36. ಆ ಒಂದುಗಳನ್ನು ಮೊದಲು ಸಾಲಿನಲ್ಲಿ ಎಣಿಸಿದೆವು, ಆಮೇಲೆ ಕಂಬದಲ್ಲಿ ಎಣಿಸಿದೆವು, ಅಷ್ಟೇ. ಈ ಸಂಖ್ಯೆಯನ್ನು ಅದರದೇ ಅಂಕಿಗಳ ಮೊತ್ತವಾದ 36ರಿಂದ ಗುಣಿಸಿದರೆ ಮತ್ತೊಂದು ಪೂರ್ಣವರ್ಗ ಸಿಗುತ್ತದೆ: 444443555556, ಅಂದರೆ 666666ರ ವರ್ಗ.

ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಇದೇ ಅಂಕಿಗಳು ಇನ್ನೊಂದು ಕಡೆ ಕಾಣಿಸಿಕೊಳ್ಳುವ ಬಗೆ. ಎರಡು ದಾಳ ತೆಗೆದುಕೊಳ್ಳಿ, ಒಂದು ಕೆಂಪು, ಒಂದು ಬಿಳಿ. ಎರಡನ್ನೂ ಉರುಳಿಸಿ ಬಿದ್ದದ್ದನ್ನು ಕೂಡಿದರೆ 2ರಿಂದ 12ರವರೆಗಿನ ಹನ್ನೊಂದು ಮೊತ್ತಗಳಲ್ಲಿ ಒಂದು ಬರಬೇಕು. 2 ಬರಲು ಒಂದೇ ದಾರಿ, ಎರಡರಲ್ಲೂ 1. 3 ಬರಲು ಎರಡು ದಾರಿ, 4 ಬರಲು ಮೂರು. 7 ಬರಲು ಆರು ದಾರಿಗಳಿವೆ. ಮುಂದೆ 8ಕ್ಕೆ ಐದು, 9ಕ್ಕೆ ನಾಲ್ಕು, ಕೊನೆಗೆ 12ಕ್ಕೆ ಮತ್ತೆ ಒಂದೇ. ಈ ದಾರಿಗಳ ಲೆಕ್ಕವನ್ನು ಸಾಲಾಗಿ ಬರೆಯಿರಿ: 1, 2, 3, 4, 5, 6, 5, 4, 3, 2, 1. ನಮ್ಮ ಸಂಖ್ಯೆಯೇ! ಇದು ಕಾಕತಾಳೀಯವಲ್ಲ. ಮೇಲಿನ 111111ರಲ್ಲಿ ಪ್ರತಿಯೊಂದು 1 ಕೆಂಪು ದಾಳದ ಒಂದೊಂದು ಮುಖವೆಂದೂ, ಕೆಳಗಿನದರಲ್ಲಿ ಬಿಳಿ ದಾಳದ ಒಂದೊಂದು ಮುಖವೆಂದೂ ಇಟ್ಟುಕೊಂಡರೆ, ಗುಣಾಕಾರದಲ್ಲಿ ಪ್ರತಿ ಮುಖವೂ ಪ್ರತಿ ಮುಖವನ್ನೂ ಒಮ್ಮೆ ಸಂಧಿಸುತ್ತದೆ. ಒಂದೇ ಮೊತ್ತ ಕೊಡುವ ಜೋಡಿಗಳೆಲ್ಲ ಒಂದೇ ಕಂಬಕ್ಕೆ ಬಂದು ಬೀಳುತ್ತವೆ. ಹದಿನೆಂಟನೆಯ ಶತಮಾನದಲ್ಲಿ ಅಬ್ರಹಾಂ ಡಿ ಮೋವರ್ ದಾಳಗಳ ಲೆಕ್ಕವನ್ನು ಇದೇ ಬಗೆಯ ಗುಣಾಕಾರದ ಮೂಲಕ ಬಿಡಿಸಿದ. ಮಹಾವೀರಾಚಾರ್ಯರು ಇಲ್ಲಿ ದಾಳದ ಮಾತೆತ್ತಿಲ್ಲ. ಈ ನಂಟು ಬಹಳ ಆಮೇಲಿನ ಗಣಿತದ್ದು. ಆದರೆ ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ರೀತಿಯಲ್ಲಿ ಆಯಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟವರೂ ಅವರೇ ಎಂಬುದನ್ನು ಇಲ್ಲಿ ನೆನೆಯದೆ ಇರಲಾರೆ.

ಇನ್ನೊಂದು ಮಾತು. ಈ ಏರಿಳಿತಕ್ಕೂ ಹತ್ತರ ಲೆಕ್ಕಕ್ಕೂ ಅಂಥ ಗಟ್ಟಿ ಸಂಬಂಧವಿಲ್ಲ. ಹತ್ತರ ಬದಲು ಏಳೇಳರ ಗುಂಪು ಮಾಡಿ ಎಣಿಸುವ ಜನರಿದ್ದರೆ ಅವರು ಬರೆಯುವ 111111 ನಮ್ಮ 19608 ಆಗುತ್ತದೆ. ಅದರ ವರ್ಗ ನಮಗೆ 384473664, ನೋಡಲು ಏನೂ ವಿಶೇಷವಿಲ್ಲ. ಆದರೆ ಅವರ ಬರಹದಲ್ಲಿ ಅದು 12345654321 ಎಂದೇ ಇರುತ್ತದೆ. ಏಳಕ್ಕಿಂತ ಚಿಕ್ಕ ಗುಂಪಿನಲ್ಲಿ ಎಣಿಸುವವರಿಗೆ ಮಾತ್ರ ಈ ಹಾರ ದಕ್ಕದು, ಏಕೆಂದರೆ ಅವರ ಬಳಿ 6 ಎಂಬ ಅಂಕಿಯೇ ಇರುವುದಿಲ್ಲ.

ಈಗ ಲೆಕ್ಕ ಕೊಟ್ಟವರ ಮನಸ್ಸಿನ ಕಡೆಗೆ ಬರೋಣ. ಆಚಾರ್ಯರು 111111 ಅನ್ನು 111111ರಿಂದ ಗುಣಿಸಿ ಎಂದು ನೇರವಾಗಿ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದ್ದು 27994681×441. 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21×5291=111111. ಅಂದರೆ ಆರು ಒಂದುಗಳ ಸಂಖ್ಯೆಯನ್ನು ಮೊದಲು ಎರಡು ಭಾಗವಾಗಿ ಒಡೆದು, ಎರಡನ್ನೂ ವರ್ಗ ಮಾಡಿ, ಹಾರ ಕಣ್ಣಿಗೆ ಬೀಳದಂತೆ ಅವುಗಳಲ್ಲಿ ಬಚ್ಚಿಟ್ಟಿದ್ದಾರೆ. ಗುಣಿಸುತ್ತ ಗುಣಿಸುತ್ತ ಆಕಸ್ಮಿಕವಾಗಿ ಸಿಕ್ಕ ಉತ್ತರ ಇದಲ್ಲ. ಉತ್ತರದಿಂದ ಹಿಂದಕ್ಕೆ ನಡೆದು ಪ್ರಶ್ನೆಯನ್ನು ಕಟ್ಟಿದವರ ಕೆಲಸ ಇದು, ಮತ್ತು ಅದಕ್ಕೆ ದೊಡ್ಡ ಸಂಖ್ಯೆಗಳನ್ನು ಒಡೆಯುವ ವಿದ್ಯೆ ಕೈಯಲ್ಲಿರಬೇಕು.

ಒಂದೇ ಉದಾಹರಣೆ ನೋಡಿ ಇಷ್ಟು ಹೇಳುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಆದರೆ ಅದೇ ಅಧ್ಯಾಯದ ಉಳಿದ ಹಾರಗಳೂ ಇದನ್ನೇ ಹೇಳುತ್ತವೆ. 11011011×91=1002002001 ಎಂಬುದನ್ನು ತೆಗೆದುಕೊಳ್ಳಿ. ಉತ್ತರ 1001 ಮತ್ತು 1001001ರ ಗುಣಲಬ್ಧ. 1001 ಎಂದರೆ 7×11×13. ಅದರಿಂದ 7 ಮತ್ತು 13 ತೆಗೆದು 91 ಎಂಬ ಗುಣಕ ಮಾಡಿ, ಉಳಿದ 11 ಅನ್ನು 1001001ಕ್ಕೆ ಕೊಟ್ಟರೆ ಗುಣ್ಯ 11011011 ಸಿದ್ಧ. ಇನ್ನೊಂದು, 333333666667×33=11000011000011. ಗುಣ್ಯವನ್ನು ಮೊದಲು 3ರಿಂದ ಗುಣಿಸಿದರೆ 1000001000001 ಬಂದು ಗುಟ್ಟು ಅರ್ಧ ಬಯಲಾಗುತ್ತದೆ. 11ರಿಂದ ಗುಣಿಸಿದರೆ ಪೂರ್ತಿ. 152207×73=11111111, ಎಂಟು ಒಂದುಗಳು. 14287143×7=100010001. 142857143×7=1000000001. ಈ ಕೊನೆಯದರ ಮೊದಲ ಆರು ಅಂಕಿಗಳನ್ನು ಗಮನಿಸಿ: 142857. ಒಂದನ್ನು ಏಳರಿಂದ ಭಾಗಿಸುತ್ತಾ ಹೋದರೆ ಕೊನೆಯಿಲ್ಲದೆ ಮರಳಿ ಮರಳಿ ಬರುವ ಆರು ಅಂಕಿಗಳು ಇವೇ. ಒಂದರ ಮುಂದೆ ಎಂಟು ಸೊನ್ನೆ, ಕೊನೆಗೆ ಮತ್ತೊಂದು ಒಂದು ಇರುವ ಸಂಖ್ಯೆ 7ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದು ತಿಳಿದವರು ಮಾತ್ರ ಈ ಪ್ರಶ್ನೆ ಹೊಸೆಯಬಲ್ಲರು. ಎಲ್ಲಕ್ಕಿಂತ ಚಿಕ್ಕ ಹಾರ 139×109=15151. ಅಲ್ಲಿ 139, 109 ಎರಡೂ ಅವಿಭಾಜ್ಯ ಸಂಖ್ಯೆಗಳು. 15151 ಅನ್ನು ಬಚ್ಚಿಡಲು ಬೇರೆ ಜೋಡಿಯೇ ಇಲ್ಲ. ಇರುವ ಒಂದೇ ಜೋಡಿಯನ್ನು ಅವರು ಹುಡುಕಿ ಕೊಟ್ಟಿದ್ದಾರೆ.

ಏರಿಳಿತದ ಹಾರವನ್ನು ಆರಕ್ಕೇ ಏಕೆ ನಿಲ್ಲಿಸಿದರು? ಐದಕ್ಕೆ ನಿಲ್ಲಿಸಿ 123454321 ಎನ್ನಬಹುದಿತ್ತು. ಏಳಕ್ಕೆ, ಒಂಬತ್ತಕ್ಕೆ ಒಯ್ಯಬಹುದಿತ್ತು. ಗ್ರಂಥ ಕಾರಣ ಹೇಳುವುದಿಲ್ಲ. ಆದರೆ ಸಂಖ್ಯೆಗಳನ್ನು ಒಡೆದು ನೋಡಿದರೆ ನನ್ನದೊಂದು ಊಹೆಗೆ ಬಲ ಬರುತ್ತದೆ. ಐದು ಒಂದುಗಳು ಒಡೆದರೆ 41×271. ಏಳು ಒಂದುಗಳು ಒಡೆದರೆ 239×4649. ಎರಡೂ ಕಡೆ ಇರುವುದು ಎರಡೆರಡೇ ತುಂಡು, ಅವೂ ಬಾಯಿಗೆ ಬಾರದಂಥವು. ಏಳರ ಹಾರವನ್ನು ಬಚ್ಚಿಡಬೇಕಾದರೆ 57121×21613201 ಎಂದು ಕೇಳಬೇಕು. ಕಲಿಯುವವರಿಗೆ ಅದು ಶಿಕ್ಷೆ. ಎಂಟು ಒಂದುಗಳನ್ನು 11ರಿಂದ ಒಡೆಯಬಹುದು, ಆದರೆ ಆಗ ಗುಣ್ಯ 1020304030201 ಆಗಿ ಗುಟ್ಟನ್ನು ತಾನೇ ಸಾರುತ್ತದೆ. ಒಂಬತ್ತಕ್ಕೆ 81×152415789971041 ಎಂಬ ಒಳ್ಳೆಯ ಜೋಡಿಯೇನೋ ಇದೆ, ಆದರೆ ಗುಣ್ಯ ಹದಿನೈದು ಅಂಕಿಯಷ್ಟು ಉದ್ದ.

ಆರು ಒಂದುಗಳ ಸಂಪತ್ತೇ ಬೇರೆ: 111111=3×7×11×13×37. ಎಲ್ಲ ಸಣ್ಣ ಸಣ್ಣ ಅವಿಭಾಜ್ಯಗಳು, ಐದು ಬಗೆ. ಕಾರಣವೂ ಸರಳ. ಆರು ಎಂಬುದನ್ನು ಎರಡು ಮೂರು ಎಂದು ಹಂಚಬಹುದು, ಆದ್ದರಿಂದ ಆರು ಒಂದುಗಳನ್ನು 111, 111 ಎಂದು ಎರಡು ಗುಂಪು ಮಾಡಬಹುದು. 111ರ ಪಕ್ಕದಲ್ಲಿ ಮತ್ತೆ 111 ಬರೆದರೆ ಅದು 111×1001. ಮೊದಲನೆಯದು 3 ಮತ್ತು 37 ತರುತ್ತದೆ, ಎರಡನೆಯದು 7, 11, 13 ತರುತ್ತದೆ. ಮನೆಯ ಮಕ್ಕಳಿಗೆ ಇದನ್ನು ಮಾಡಿ ತೋರಿಸಬಹುದು: ಯಾವುದೇ ಮೂರಂಕಿಯ ಸಂಖ್ಯೆಯನ್ನು ಎರಡು ಸಲ ಪಕ್ಕಪಕ್ಕ ಬರೆಯಲು ಹೇಳಿ, 528528 ಎನ್ನಿ, ಅದನ್ನು 7ರಿಂದ, ಬಂದದ್ದನ್ನು 11ರಿಂದ, ಬಂದದ್ದನ್ನು 13ರಿಂದ ಭಾಗಿಸಲಿ. ಎಲ್ಲೂ ಶೇಷ ಉಳಿಯದೆ ಕೊನೆಗೆ 528 ಕೈಗೆ ಬರುತ್ತದೆ.

ನಮ್ಮ ಹನ್ನೊಂದಂಕಿಯ ಸಂಖ್ಯೆಯಲ್ಲಿ ಈ ಐದೂ ಅವಿಭಾಜ್ಯಗಳು ಎರಡೆರಡು ಸಲ ಇವೆ. ಹಾಗಾಗಿ ಅದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಒಟ್ಟು 243, ಅಂದರೆ ಐದು ಮೂರುಗಳನ್ನು ಪರಸ್ಪರ ಗುಣಿಸಿದಷ್ಟು. ಬಚ್ಚಿಡುವವರಿಗೆ ಆಯ್ಕೆ ಧಾರಾಳ. ಎಲ್ಲವೂ ಒಳ್ಳೆಯ ಆಯ್ಕೆಗಳಲ್ಲ. 121ರಿಂದ ಗುಣಿಸಿ ಎಂದರೆ ಗುಣ್ಯ 102030201 ಆಗಿ ಬಣ್ಣ ಬಯಲು. 9 ತೀರ ಸುಲಭ. 441ರಲ್ಲಿ ಗುಣಕ ಹಿತಮಿತ, ಒಡೆಯುವ ಸೂತ್ರಕ್ಕೆ ಒಗ್ಗುವಂಥದ್ದು, ಗುಣ್ಯ ಮುಖ ಮುಚ್ಚಿಕೊಂಡಂಥದ್ದು. ಇಷ್ಟೆಲ್ಲ ತೂಗಿ ನೋಡಿಯೇ ಅವರು ಅದನ್ನು ಆರಿಸಿದರು ಎಂದು ನಾನು ನಂಬುತ್ತೇನೆ.

ಪಾಠ ಹೇಳುವವರ ಕಣ್ಣಿನಿಂದ ನೋಡಿದರೆ ಇದರಲ್ಲಿ ಇನ್ನೊಂದು ಜಾಣ್ಮೆ ಇದೆ. ಉದ್ದದ ಗುಣಾಕಾರದಲ್ಲಿ ಎಲ್ಲೋ ಒಂದು ದಶಕ ಬಿಟ್ಟುಹೋದರೆ ವಿದ್ಯಾರ್ಥಿಗೆ ಗೊತ್ತಾಗುವುದು ಹೇಗೆ? ಸಾಮಾನ್ಯ ಲೆಕ್ಕದಲ್ಲಿ ಗುರುಗಳೇ ನೋಡಿ ಹೇಳಬೇಕು. ಇಲ್ಲಿ 12345754321 ಎಂದು ಬಂದರೆ ತಪ್ಪು ಎಲ್ಲಿದೆಯೆಂದು ಉತ್ತರವೇ ಬೆರಳು ಮಾಡುತ್ತದೆ. ಸರಿಯಾದ ದಿನ ಆಗುವ ಸಂತೋಷವಂತೂ ಬೇರೆಯೇ. ನಮ್ಮ ಶಾಲೆಗಳ ಗುಣಾಕಾರದ ಪಾಠಗಳಲ್ಲಿ ಮನಬಂದ ಅಂಕಿಗಳ ಬದಲು ಇಂಥ ನಾಲ್ಕು ಲೆಕ್ಕಗಳು ಇದ್ದರೆ ಎಷ್ಟು ಚೆನ್ನ ಎಂದು ನನಗೆ ಮತ್ತೆ ಮತ್ತೆ ಅನಿಸುತ್ತದೆ. ಪಠ್ಯಪುಸ್ತಕಕ್ಕೆ ಅದರಿಂದ ಒಂದು ಪುಟವೂ ಹೆಚ್ಚಾಗದು.

ಹಾಗಾದರೆ ಹಾರವನ್ನು ಎಷ್ಟು ಉದ್ದ ಹೆಣೆಯಬಹುದು? ಒಂಬತ್ತು ಒಂದುಗಳ ವರ್ಗ 12345678987654321. ಅಲ್ಲಿಗೆ ಸೊಗಸು ಮುಗಿಯಿತು. ಹತ್ತು ಒಂದುಗಳ ವರ್ಗ 1234567900987654321. ನಡುವಿನ ಕಂಬದಲ್ಲಿ ಹತ್ತು ಒಂದುಗಳು ಬಿದ್ದು, ಸೊನ್ನೆ ಬರೆದು ಒಂದನ್ನು ಎಡಕ್ಕೆ ಒಯ್ಯಬೇಕಾಯಿತು. ಎಡಗಡೆಯ 9ಕ್ಕೆ ಅದು ಸೇರಿ ಅಲ್ಲೂ ಹತ್ತಾಯಿತು. ಅಲ್ಲೂ ಸೊನ್ನೆ, ಮತ್ತೆ ಒಂದು ಎಡಕ್ಕೆ. ಅದರಾಚೆಯ 8 ಈಗ 9 ಆಯಿತು. ಹೀಗೆ ಏರುವ ಭಾಗದಲ್ಲಿ 8 ಮಾಯ.

ಈ ಕಾಣೆಯಾದ 8ರ ಪರಿಚಯ ನಮ್ಮಲ್ಲಿ ಹಲವರಿಗೆ ಬಾಲ್ಯದಿಂದಲೇ ಉಂಟು. 12345679×9=111111111 ಎಂಬ ಚಮತ್ಕಾರವನ್ನು ಯಾರೋ ಒಬ್ಬರು ಹೇಳಿಕೊಟ್ಟಿರುತ್ತಾರೆ, 8 ಯಾಕಿಲ್ಲ ಎಂದು ಕೇಳಿದರೆ ನಕ್ಕು ಸುಮ್ಮನಾಗಿರುತ್ತಾರೆ. ಇದೂ ಮಹಾವೀರಾಚಾರ್ಯರ ಗ್ರಂಥದಲ್ಲಿದೆ. 8 ಕಾಣೆಯಾಗಲು ಕಾರಣ ಅದೇ ದಶಕ. 1 ಅನ್ನು 81ರಿಂದ ಭಾಗಿಸುವುದೆಂದರೆ ದಶಮಾಂಶದ ಮನೆಗಳಲ್ಲಿ 0, 1, 2, 3 ಎಂದು ಸ್ವಾಭಾವಿಕ ಸಂಖ್ಯೆಗಳನ್ನು ಒಂದೊಂದು ಮನೆ ಸರಿಸುತ್ತಾ ಕೂಡಿದಂತೆ. 9ರ ತನಕ ಒಂದೊಂದಕ್ಕೂ ಒಂದೊಂದು ಮನೆ ಸಾಕು. 10 ಬಂದಾಗ ಅದರ ದಶಕ 9ರ ಮನೆಗೆ ನುಗ್ಗಿ ಅದನ್ನು 10 ಮಾಡುತ್ತದೆ, ಅದರ ದಶಕ 8ರ ಮನೆಗೆ ನುಗ್ಗಿ ಅದನ್ನು 9 ಮಾಡುತ್ತದೆ. ಉಳಿಯುವುದು 0.012345679012345679 ಎಂದು ಕೊನೆಯಿಲ್ಲದ ಸರಣಿ. ಹತ್ತು ಒಂದುಗಳ ವರ್ಗದಲ್ಲಿ ಹಾರ ತುಂಡಾದ ಕಾರಣವೂ, ಒಂಬತ್ತರ ಈ ಚಮತ್ಕಾರದಲ್ಲಿ ಎಂಟು ಇಲ್ಲದ ಕಾರಣವೂ ಒಂದೇ. ತುಂಡಾಗದಂತೆ ಮುಂದುವರಿಸುವ ಆಸೆಯಿದ್ದರೆ ಪ್ರತಿ ಮಣಿಗೂ ಎರಡೆರಡು ಮನೆ ಬಿಟ್ಟುಕೊಡಿ: 10101010101ರ ವರ್ಗ 102030405060504030201. ಈ ದಾರಿಯಲ್ಲಿ 99ರವರೆಗೆ ಏರಿ ಇಳಿಯಬಹುದು.

1, 121, 12321 ಎಂಬ ಈ ಕುಟುಂಬಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಒಂದು ಹೆಸರಿಟ್ಟವರು ನಮ್ಮ ನೆರೆಯ ಮಹಾರಾಷ್ಟ್ರದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದವರು. 6174 ಎಂಬ ಸಂಖ್ಯೆಯ ಮೂಲಕ ಜಗತ್ತೇ ಅವರನ್ನು ಬಲ್ಲದು. ಮುಂಬಯಿಯ ಬಳಿಯ ಡೊಂಬಿವಲಿ ರೈಲು ನಿಲ್ದಾಣದಲ್ಲಿ ಹೊಳೆದ ವಿಚಾರವಾದ್ದರಿಂದ ಆ ನಿಲ್ದಾಣದ ಹಳೆಯ ಹೆಸರಿನಿಂದಲೇ ಇಂಥವನ್ನು ‘ಡೆಮ್ಲೋ ಸಂಖ್ಯೆಗಳು’ ಎಂದು ಕರೆದರು; ಒಂದುಗಳ ವರ್ಗಗಳನ್ನು ಅದ್ಭುತ ಡೆಮ್ಲೋ ಸಂಖ್ಯೆಗಳು ಎಂದರು. ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರದಲ್ಲಿ, ಒಬ್ಬರು ಅರಸನ ಆಶ್ರಯದಲ್ಲಿ, ಇನ್ನೊಬ್ಬರು ಶಾಲೆಯ ಸಂಬಳದಲ್ಲಿ, ಇದೇ ಅಂಕಿಗಳ ಮುಂದೆ ಕುಳಿತಿದ್ದರು ಎಂಬುದು ನನಗೆ ತುಂಬ ಪ್ರಿಯವಾದ ಸಂಗತಿ.

ಗಣಿತಸಾರಸಂಗ್ರಹದಲ್ಲಿ ಇರುವುದೆಲ್ಲ ಸರಿ ಎಂದೇನಲ್ಲ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದು ಅಲ್ಲಿದೆ. ಅದು ನಿಲ್ಲದ ಮಾತು. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಮಾತ್ರ ಖಚಿತವಾಗಿ ಹೇಳಿದ್ದಾರೆ, ಆ ಕಾಲಕ್ಕೆ ಅದು ಬಹಳ ತಿಳಿವಿನ ಮಾತು. ಗ್ರಂಥ ದಕ್ಷಿಣದಲ್ಲಿ ಚೆನ್ನಾಗಿ ಬಾಳಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆಯುವ ಹೊತ್ತಿಗೆ ಜೈನರ ಗಣಿತ ಪರಂಪರೆ ನಮ್ಮಲ್ಲಿ ಬೇರೂರಿತ್ತು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮೂಲವನ್ನು ಅಚ್ಚುಹಾಕಿಸಿದಾಗ ಅವರಿಗೆ ಆಧಾರವಾದವುಗಳಲ್ಲಿ ಕನ್ನಡ ಲಿಪಿಯ ತಾಳೆಗರಿಗಳೂ ಇದ್ದವು. 2000ದಲ್ಲಿ ಹೊಂಬುಜದ ಜೈನ ಮಠದಿಂದ ಪದ್ಮಾವತಮ್ಮ ಅವರ ಕನ್ನಡ ಅನುವಾದ ಹೊರಬಂತು. ಗಣಿತ ಕಲಿಸುವ ಪ್ರತಿ ಮೇಷ್ಟರ ಮೇಜಿನ ಮೇಲೂ ಅದು ಇರಬೇಕಾದ ಪುಸ್ತಕ.

ಆರು ಒಂದುಗಳು ಐದು ತುಂಡಾಗಿ ಒಡೆದದ್ದನ್ನು ನೋಡಿದೆವು. ಒಂದುಗಳ ಲೆಕ್ಕವನ್ನೇ ಸಮಭಾಗಗಳಾಗಿ ಹಂಚಲು ಬಂದರೆ ಅವುಗಳಿಂದಾದ ಸಂಖ್ಯೆಯೂ ಒಡೆಯಲೇಬೇಕು. 4, 6, 8, 9 ಒಂದುಗಳ ಗತಿ ಅದೇ. ಒಂದುಗಳ ಲೆಕ್ಕ ಅವಿಭಾಜ್ಯವಾಗಿದ್ದರೆ ಮಾತ್ರ ಒಡೆಯದೆ ಉಳಿಯುವ ಸಂಭವವುಂಟು. ಸಂಭವ ಅಷ್ಟೇ, 5 ಮತ್ತು 7 ಒಂದುಗಳು ಒಡೆದವಲ್ಲ. ಎರಡು ಒಂದುಗಳ ಸಂಖ್ಯೆಯಾದ 11 ಒಡೆಯುವುದಿಲ್ಲ. ಅದಾದ ಮೇಲೆ ಒಡೆಯದ ಸಂಖ್ಯೆಗಾಗಿ 19 ಒಂದುಗಳ ತನಕ ಹೋಗಬೇಕು, ಆಮೇಲಿನದು 23 ಒಂದುಗಳದ್ದು. ಇವೆರಡೂ ಅವಿಭಾಜ್ಯವೆಂದು ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಸಿದ್ಧವಾಯಿತು. ಅಲ್ಲಿಂದ ಮುಂದೆ ಒಮ್ಮೆಲೇ 317 ಒಂದುಗಳಿಗೆ ಹಾರಬೇಕು, ಆಮೇಲೆ 1031ಕ್ಕೆ. 1031 ಒಂದುಗಳ ಸಂಖ್ಯೆ ಅವಿಭಾಜ್ಯವೆಂದು ಹ್ಯೂ ವಿಲಿಯಮ್ಸ್ ಮತ್ತು ಹಾರ್ವಿ ಡಬ್ನರ್ ಸಾಧಿಸಿ ತೋರಿಸಿದ್ದು 1986ರಲ್ಲಿ. ಅದರ ಮುಂದಿನದಾದ 49081 ಒಂದುಗಳ ಸಂಖ್ಯೆಗೆ 2022ರವರೆಗೆ ಕಾಯಬೇಕಾಯಿತು. ಇಂಥವು ಮುಗಿಯದೆ ಸಿಗುತ್ತಲೇ ಹೋಗುತ್ತವೆಯೋ, ಎಲ್ಲೋ ಒಂದು ಕಡೆ ನಿಲ್ಲುತ್ತವೆಯೋ ಎಂಬುದು ಇನ್ನೂ ಬಗೆಹರಿಯದ ಪ್ರಶ್ನೆ.

ಏಕ, ದಶ, ಶತ ಎಂದು ಆರಂಭಿಸಿ ಮಹಾವೀರಾಚಾರ್ಯರು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ, ಕೊನೆಯದು ಮಹಾಕ್ಷೋಭ. ಅವರ ಲೆಕ್ಕದಲ್ಲಿ ನಮ್ಮ 12345654321ರ ಎಡತುದಿಯ ಒಂದು ನಿಲ್ಲುವುದು ಹನ್ನೊಂದನೆಯದಾದ ಅರ್ಬುದದ ಮನೆಯಲ್ಲಿ. ಒಡೆಯದ 19 ಒಂದುಗಳ ಸಂಖ್ಯೆ ಶಂಖದಿಂದ ಆರಂಭವಾಗುತ್ತದೆ, 23 ಒಂದುಗಳದ್ದು ಕ್ಷೋಭದಿಂದ. ಅವೆರಡನ್ನೂ ಅವರ ಸ್ಥಾನನಾಮಗಳಲ್ಲೇ ಪೂರ್ತಿಯಾಗಿ ಓದಬಹುದು. 317 ಒಂದುಗಳದ್ದಕ್ಕೆ ಮಾತ್ರ ಆ ಪಟ್ಟಿ ಸಾಲದು.